ಐವತ್ತಮೂರರ ಮುಖ, ನಾಲ್ಕು ಫೋಟೋ

“ಸರ್, ಪ್ರೊಫೈಲ್ ಕಳ್ಸಿ. ರೀಸೆಂಟ್ ಇರ್ಲಿ. ಫಿಲ್ಟರ್ ಬೇಡ.”

ಧಾರಾವಾಹಿಗೆ ಕಲಾವಿದರನ್ನು ಹುಡುಕುವ ಕೋಆರ್ಡಿನೇಟರ್‌ಗಳ ಮೆಸೇಜು ಬರುವುದೇ ಹೀಗೆ. ಕೆಳಗೆ ಪಾತ್ರದ ಬಗ್ಗೆ ಒಂದೇ ಸಾಲು: ಹೀರೋಯಿನ್ ತಂದೆ, 50ರಿಂದ 55, ಮಿಡ್ಲ್ ಕ್ಲಾಸ್, ಮೇಷ್ಟ್ರ ಥರ. ಉತ್ತರ ಹತ್ತು ಹದಿನೈದು ನಿಮಿಷದಲ್ಲಿ ಹೋಗಬೇಕು. ಆ ಹೊತ್ತಿಗೆ ಗ್ಯಾಲರಿ ಜಾಲಾಡಿದರೆ ಸಿಗುವುದು ಮದುವೆಮನೆಯಲ್ಲಿ ಜರಿ ಶಲ್ಯ ಹೊದ್ದು ನಿಂತದ್ದು, ನಾಟಕದ ಬಣ್ಣದಲ್ಲಿ ಹುಬ್ಬು ಗಂಟಿಕ್ಕಿದ್ದು, ಕಾರಿನೊಳಗೆ ಸೀಟ್‌ಬೆಲ್ಟ್ ಸಮೇತ ತೆಗೆದುಕೊಂಡ ಸೆಲ್ಫಿ, ಇಲ್ಲವೇ ಕೂದಲೆಲ್ಲ ಕಪ್ಪಗಿದ್ದ ಕಾಲದ ಒಂದು ‘ಒಳ್ಳೇ ಫೋಟೋ’.

ನಾನು ನಟ, ನನಗೀಗ 53. ಈ ಸಲ ನಾಲ್ಕು ಫೋಟೋಗಳ ಒಂದು ಸೆಟ್ಟನ್ನು ಕಟ್ಟುನಿಟ್ಟಾಗಿ ಮಾಡಿಕೊಂಡೆ. ತೆಗೆಸಲು ಅರ್ಧ ದಿನ, ಆರಿಸಲು ಮೂರು ದಿನ, ತಿದ್ದಲು ಒಂದು ಸಂಜೆ ಹಿಡಿಯಿತು. ನಮ್ಮಲ್ಲಿ ಹೆಚ್ಚಿನವರು ಆರಿಸುವುದನ್ನು ಸ್ಟುಡಿಯೋದವರಿಗೇ ಬಿಟ್ಟು, ತಿದ್ದುವುದಕ್ಕೆ ವಾರಗಟ್ಟಲೆ ಕೊಡುತ್ತಾರೆ. ಕೆಡುವುದು ಅಲ್ಲೇ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಈ ಫೋಟೋ ಇರುವುದು ಚೆನ್ನಾಗಿ ಕಾಣುವುದಕ್ಕಲ್ಲ. ಫೋಟೋ ನೋಡಿ ಕರೆದವರ ಮುಂದೆ ನಾವು ಹೋಗಿ ನಿಂತಾಗ “ಹ್ಞಾಂ, ಇವರೇ” ಅನ್ನಿಸಬೇಕು, ಅಷ್ಟೇ ಅದರ ಕೆಲಸ. ಲುಕ್ ಟೆಸ್ಟಿಗೆ (ಪಾತ್ರಕ್ಕೆ ಮುಖ ಹೊಂದುತ್ತದೆಯೇ ಎಂದು ನೋಡುವುದಕ್ಕೆ) ಬಂದವನು ಫೋಟೋಗಿಂತ ಹತ್ತು ವರ್ಷ ದೊಡ್ಡವನಾಗಿ ಕಂಡರೆ ಅವನ ನಟನೆಯನ್ನು ಯಾರೂ ನೋಡುವುದಿಲ್ಲ. ವಯಸ್ಸು ಮರೆಮಾಚಿದ ಫೋಟೋದಿಂದ ಇನ್ನೊಂದು ನಷ್ಟವೂ ಇದೆ: 35ರ ಪಾತ್ರಕ್ಕೆ ಅದನ್ನು ಯಾರೂ ನಂಬುವುದಿಲ್ಲ, 52ರ ಪಾತ್ರಕ್ಕೆ ಯಾರೂ ನೆನೆಯುವುದಿಲ್ಲ. ಐವತ್ತು ದಾಟಿದವನಿಗೆ ಕೆಲಸ ಕೊಡಿಸುವುದೇ ಆ ಗೆರೆ, ಆ ನರೆ. ನನ್ನ ಮುಖ 48ರಿಂದ 58ರವರೆಗೆ ಹೋಗಬಹುದು ಅಂತ ಇಟ್ಟುಕೊಂಡೆ. ಹತ್ತು ವರ್ಷದ ಹರವು ಯಾರಿಗಾದರೂ ಸಾಕು. ಅದಕ್ಕಿಂತ ಹಿಗ್ಗಿಸಿದರೆ ನಮಗೆ ನಾವೇ ಹೇಳಿಕೊಳ್ಳುವ ಸುಳ್ಳಾಗುತ್ತದೆ.

ತೆಗೆಸುವ ಮುಂಚೆ

ಡೈ ಹಾಕುವವರು ನಾಲ್ಕೈದು ದಿನ ಮೊದಲೇ ಹಾಕಿಕೊಳ್ಳಬೇಕು. ಹಿಂದಿನ ರಾತ್ರಿ ಹಾಕಿದರೆ ಹಣೆಯಂಚಿನಲ್ಲಿ, ಕಿವಿಯ ಮೇಲೆ ಚರ್ಮಕ್ಕೆ ಹತ್ತಿದ ಕಪ್ಪು ಕ್ಯಾಮೆರಾದಲ್ಲಿ ಎದ್ದು ಕಾಣುತ್ತದೆ. ಎರಡು ಸಲ ತಲೆಗೆ ಸ್ನಾನ ಮಾಡಿದ ಮೇಲೆ ಅದು ಹೋಗುತ್ತದೆ. ಅಚ್ಚ ಕಪ್ಪು ಡೈಗೆ ಇನ್ನೊಂದು ದೋಷವಿದೆ. ಬೆಳಕನ್ನೆಲ್ಲ ನುಂಗಿ, ಎಳೆ ಎಳೆಯಾಗಿ ಕಾಣಬೇಕಾದ ಕೂದಲು ಟೋಪಿ ಇಟ್ಟ ಹಾಗೆ ಒಂದೇ ಮುದ್ದೆಯಾಗುತ್ತದೆ. ಗಾಢ ಕಂದು ಮಿಶ್ರ ಮಾಡಿದರೆ ಇದು ಕಡಿಮೆ. ನಾನು ಡೈ ಬಿಟ್ಟೇ ತೆಗೆಸಿದೆ. ಪಾತ್ರಕ್ಕೆ ಕಪ್ಪು ಬೇಕೆಂದರೆ ಮೇಕಪ್‌ನವರು ಒಂದು ಗಂಟೆಯಲ್ಲಿ ಮಾಡುತ್ತಾರೆ. ಬಿಳಿ ಬೇಕೆಂದರೆ ಬಣ್ಣ ಹಾಕಿ ಮಾಡಿದ ಬಿಳಿ ಹತ್ತಿರದ ಶಾಟಿನಲ್ಲಿ ಬೂದಿ ಬಳಿದಂತಿರುತ್ತದೆ.

ಸಮಯ ಬೆಳಗ್ಗೆ ಹತ್ತೂವರೆಯ ಮೇಲೆ. ಈ ವಯಸ್ಸಿನಲ್ಲಿ ಎದ್ದ ಕೂಡಲೇ ಕಣ್ಣಿನ ಕೆಳಗೆ ಊತ ಇರುತ್ತದೆ, ಇಳಿಯಲು ಒಂದೆರಡು ಗಂಟೆ ಬೇಕು. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜೋರಾಗಿದ್ದರೆ ಇನ್ನೂ ತಡ. ಕ್ಷೌರ ಹಿಂದಿನ ಸಂಜೆಯೇ ಮಾಡಿಕೊಂಡರೆ ಬ್ಲೇಡಿನ ಕೆಂಪು ಅಷ್ಟರಲ್ಲಿ ಆರಿರುತ್ತದೆ.

ಮೇಕಪ್ ಬೇಡ ಅಂದರೆ ಪೌಡರೂ ಬೇಡ ಅಂತಲ್ಲ. ಹಣೆ, ಮೂಗಿನ ತುದಿ, ಬೋಳು ನೆತ್ತಿಯ ಎಣ್ಣೆಯನ್ನು ಟಿಶ್ಯೂನಿಂದ ಒತ್ತಿ ತೆಗೆದು, ಮೇಲೆ ಬಣ್ಣವಿಲ್ಲದ ಪೌಡರ್ ತೆಳ್ಳಗೆ. ಇಲ್ಲೊಂದು ಹಳ್ಳ ಇದೆ: ‘ಎಚ್‌ಡಿ’ ಎಂದು ಮಾರುವ ಸಿಲಿಕಾ ಪೌಡರ್ ಕಣ್ಣಿಗೆ ಕಾಣುವುದಿಲ್ಲ, ಫ್ಲ್ಯಾಶ್ ಬಿದ್ದರೆ ಮಾತ್ರ ಸುಣ್ಣದ ಮಚ್ಚೆಯಾಗುತ್ತದೆ. ಝಿಂಕ್ ಇರುವ ಸನ್‌ಸ್ಕ್ರೀನಿನದೂ ಅದೇ ಕಥೆ. ಮೊದಲ ಎರಡು ಫ್ರೇಮುಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿಯೇ ಮುಂದುವರಿಯಬೇಕು.

ಬಟ್ಟೆ ಒಂದೇ ಬಣ್ಣದ್ದು. ಸಣ್ಣ ಗೆರೆ, ಸಣ್ಣ ಚೌಕಳಿ ಇರುವ ಅಂಗಿ ಫೋಟೋ ಚಿಕ್ಕದಾದಾಗ ನೀರಿನ ಅಲೆಯ ಹಾಗೆ ಕುಣಿಯುತ್ತದೆ. ಕಂದು ಮೈಬಣ್ಣಕ್ಕೆ ನವಿಲುನೀಲಿ, ಅಡಿಕೆಹಾಳೆಯ ಕಂದು, ಮಾಸಲು ಹಸಿರು ಹೊಂದುತ್ತವೆ. ಕಣ್ಣು ಕುಕ್ಕುವ ಬಿಳಿ ಹಾಕಿದರೆ ಕ್ಯಾಮೆರಾ ಅಂಗಿಯನ್ನು ಉಳಿಸಲು ಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಹಳ್ಳಿ ಪಾತ್ರಕ್ಕೆ ಬಿಳಿ ಅಂಗಿ ಬೇಕೇ ಬೇಕು ಎಂದರೆ ನಾಲ್ಕು ಸಲ ಒಗೆದು ಕೊಂಚ ಹಳದಿಯಾದದ್ದು ಇರಲಿ.

ಬೆಳಕು ಮತ್ತು ದೂರ

ಫೋಟೋಗ್ರಾಫರ್ ಚಿಕ್ಕ ವಯಸ್ಸಿನ ಹುಡುಗ, ಕೈ ಒಳ್ಳೆಯದು. ಆದರೆ ಅವನ ಅಭ್ಯಾಸವೆಲ್ಲ ಇಪ್ಪತ್ತೈದರ ಮಾಡೆಲ್‌ಗಳದ್ದು. ಆ ಮುಖಕ್ಕೆ ಹಾಕುವ ಬೆಳಕನ್ನು ಈ ಮುಖಕ್ಕೆ ಹಾಕಿದರೆ ಎರಡರಲ್ಲೊಂದು ಆಗುತ್ತದೆ. ಮೇಲಿಂದ ಬಿದ್ದರೆ ಕಣ್ಣಿನ ಗುಳಿ, ಚೀಲ ಎಲ್ಲವೂ ಎರಡರಷ್ಟು. ಎದುರಿನಿಂದಲೇ ಸಪಾಟಾಗಿ ಬಿದ್ದರೆ ಮುಖ ದೋಸೆಕಲ್ಲಿನ ಹಾಗೆ. ಕೊನೆಗೆ ಹೊಂದಿದ್ದು ಹೀಗೆ: ಮೂರೂವರೆ ಅಡಿಯ ಸಾಫ್ಟ್‌ಬಾಕ್ಸ್ (ಬಿಳಿ ಬಟ್ಟೆ ಮುಚ್ಚಿದ ಲೈಟಿನ ಪೆಟ್ಟಿಗೆ), ಮುಖದಿಂದ ನಾಲ್ಕು ಅಡಿ ದೂರದಲ್ಲಿ, 45 ಡಿಗ್ರಿ ಪಕ್ಕಕ್ಕೆ, ಅದರ ನಡುಮಧ್ಯ ನನ್ನ ಕಣ್ಣಿಗಿಂತ ಒಂದು ಗೇಣು ಮಾತ್ರ ಮೇಲೆ. ಎದೆಯ ಮಟ್ಟದಲ್ಲಿ ಅಡ್ಡಲಾಗಿ ಒಂದು ಬಿಳಿ ಥರ್ಮಾಕೋಲ್ ಹಾಳೆ. ಆ ಹಾಳೆಯಿಂದ ಕೆಳಗಿನಿಂದ ಪುಟಿದು ಬರುವ ಬೆಳಕು ಕಣ್ಣಿನ ಕೆಳಗಿನ ನೆರಳನ್ನು ಅರ್ಧ ಕರಗಿಸುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಗಂಟೆ ಮಾಡುವ ಕೆಲಸವನ್ನು ಅದು ಅಲ್ಲೇ ಪುಕ್ಕಟೆ ಮಾಡುತ್ತದೆ. ಹಾಳೆಯನ್ನು ತೀರಾ ಹತ್ತಿರ ತಂದರೆ ಮಾತ್ರ ಭೂತದ ಸಿನಿಮಾ.

ಸ್ಟುಡಿಯೋ ಇಲ್ಲದವರಿಗೆ ಬಿಸಿಲು ನೇರ ಬೀಳದ ಕಿಟಕಿ ಸಾಕು. ಮೂರು ಅಡಿ ದೂರದಲ್ಲಿ ಓರೆಯಾಗಿ ಕೂತು, ಇನ್ನೊಂದು ಮಗ್ಗುಲಿಗೆ ಅದೇ ಥರ್ಮಾಕೋಲ್ ಇಟ್ಟುಕೊಳ್ಳುವುದು. ಮನೆಯ ಟ್ಯೂಬ್‌ಲೈಟ್, ಎಲ್‌ಇಡಿ ಎಲ್ಲ ಆರಿಸಲೇಬೇಕು. ಎರಡು ಥರದ ಬೆಳಕು ಬೆರೆತರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಸಿರು. ಅದನ್ನು ಸರಿಮಾಡುವುದು ಮೊಡವೆ ತೆಗೆದಷ್ಟು ಸುಲಭವಲ್ಲ.

ದೂರ ಆರು ಅಡಿ. ಲೆನ್ಸ್ 85 ಎಂಎಂ. ಮೂಗು ದಪ್ಪ ಕಾಣುವುದಕ್ಕೆ ಲೆನ್ಸನ್ನು ಬೈಯುತ್ತಾರೆ, ತಪ್ಪಿರುವುದು ದೂರದಲ್ಲಿ. ಎರಡು ಅಡಿಯಿಂದ ತೆಗೆದರೆ ಮೂಗು ಕ್ಯಾಮೆರಾಕ್ಕೆ ಕಿವಿಗಿಂತ ಎಷ್ಟೋ ಹತ್ತಿರವಿರುತ್ತದೆ, ಆದ್ದರಿಂದ ದೊಡ್ಡದು. ಆರು ಅಡಿಗೆ ಹೋದರೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಸೆಲ್ಫಿಯಲ್ಲಿ ಎಲ್ಲರೂ ಮೂಗಪ್ಪಗಳಾಗುವುದು ಇದೇ ಕಾರಣಕ್ಕೆ. ಮೊಬೈಲಿನಲ್ಲೇ ತೆಗೆಯುವುದಾದರೆ ಹಿಂದಿನ ಕ್ಯಾಮೆರಾ, ಎರಡು ಅಥವಾ ಮೂರು ಪಟ್ಟು ಜೂಮ್ ಲೆನ್ಸ್, ಇನ್ನೊಬ್ಬರ ಕೈಯಲ್ಲಿ. ಬ್ಯೂಟಿ ಮೋಡನ್ನು ಸೆಟ್ಟಿಂಗಿಗೆ ಹೋಗಿ ಆಫ್ ಮಾಡಬೇಕು. ಎಷ್ಟೋ ಫೋನುಗಳಲ್ಲಿ ಅದು ತಾನಾಗಿಯೇ ಚಾಲೂ ಇರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. ಪೋರ್ಟ್ರೇಟ್ ಮೋಡ್ ಕೂಡ ಬೇಡ, ಕನ್ನಡಕದ ಕಡ್ಡಿ, ಕಿವಿಯಂಚಿನ ಕೂದಲನ್ನು ಹಿನ್ನೆಲೆ ಎಂದುಕೊಂಡು ಮಸುಕು ಮಾಡುತ್ತದೆ.

ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 5.6. ಹುಡುಗರಿಗೆ ಎಫ್ 1.8 ಅಂದರೆ ಪ್ರಾಣ. ಅದರಲ್ಲಿ ರೆಪ್ಪೆ ಸ್ಪಷ್ಟ, ಕಿವಿ ಮಂಜು. ಪಾತ್ರಕ್ಕೆ ಮುಖ ಹುಡುಕುವವರಿಗೆ ಕಿವಿಯೂ ಬೇಕು. ಗೋಡೆಗೂ ನಮಗೂ ಐದಾರು ಅಡಿ ಅಂತರವಿದ್ದರೆ ಹಿನ್ನೆಲೆ ತಾನೇ ಮೃದುವಾಗುತ್ತದೆ.

ಕನ್ನಡಕದವರು ಎರಡೂ ಬಗೆಯಲ್ಲಿ ತೆಗೆಸಬೇಕು. ಗಾಜಿನಲ್ಲಿ ಸಾಫ್ಟ್‌ಬಾಕ್ಸಿನ ಬಿಳಿ ಚೌಕ ಕಂಡರೆ ಕಿವಿಯ ಮೇಲಿನ ಕಡ್ಡಿಯನ್ನು ಕೂದಲೆಳೆಯಷ್ಟು ಮೇಲೆತ್ತಿ, ಗಾಜು ನೆಲದ ಕಡೆಗೆ ಓರೆಯಾಗುತ್ತದೆ, ಚೌಕ ಮಾಯ. ಪವರ್ ಜಾಸ್ತಿ ಇರುವ ಮೈನಸ್ ಗಾಜಿನಲ್ಲಿ ಕೆನ್ನೆಯ ಅಂಚು ಒಳಕ್ಕೆ ಸರಿದು ಮುರಿದಂತೆ ಕಾಣುತ್ತದೆ, ಅದನ್ನು ತಿದ್ದಲು ಆಗುವುದಿಲ್ಲ. ಶೂಟಿಂಗಿನಲ್ಲಿ ಮಾಡುವ ಹಾಗೆ ಗಾಜಿಲ್ಲದ ಬರೀ ಫ್ರೇಮ್ ಒಂದನ್ನು ಒಯ್ಯುವುದು ಜಾಣತನ.

ಗದ್ದದ ಕೆಳಗಿನ ಎರಡನೇ ಗದ್ದಕ್ಕೆ ಮದ್ದು ಒಂದೇ: ಆಮೆ ಚಿಪ್ಪಿನಿಂದ ಕತ್ತು ಚಾಚಿದ ಹಾಗೆ ಮುಖವನ್ನು ಮುಂದಕ್ಕೆ ತಂದು, ಗದ್ದವನ್ನು ಒಂದು ಬೆರಳಷ್ಟು ಇಳಿಸುವುದು. ಮಾಡುವಾಗ ಪೆದ್ದನಂತೆ ಅನಿಸುತ್ತದೆ, ಎದುರಿನಿಂದ ಕಾಣುವುದಿಲ್ಲ. ರಂಗದಿಂದ ಬಂದವರಿಗೆ ಇನ್ನೊಂದು ಕಷ್ಟ. ರಂಗಶಂಕರದಲ್ಲಿ ಕೊನೆಯ ಸಾಲಿಗೆ ಮುಟ್ಟಿಸುವ ಹುಬ್ಬು ಈ ಕ್ಯಾಮೆರಾದ ಮುಂದೆ ಕಿರುಚಾಟ. ಮುಖ ಏನನ್ನೂ ಮಾಡದೆ, ಒಳಗೆ ಒಂದು ಮಾತು ಓಡುತ್ತಿರಬೇಕು. ‘ಫೀಸು ಕಟ್ಟೋಕೆ ಇನ್ನೂ ಎರಡು ದಿನ ಇದೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡ ಫ್ರೇಮುಗಳೇ ನನ್ನ ಸೆಟ್ಟಿನಲ್ಲಿ ಉಳಿದದ್ದು. ‘ಸ್ಮೈಲ್ ಸರ್’ ಅಂದಾಗ ಬಂದವು ಒಂದೂ ಉಳಿಯಲಿಲ್ಲ.

ಮುನ್ನೂರರಿಂದ ನಾಲ್ಕಕ್ಕೆ

ಮುನ್ನೂರು ಚಿಲ್ಲರೆ ಫ್ರೇಮು ಬಂದವು. ಎಲ್ಲವನ್ನೂ ತಿದ್ದದೆ, ಕಚ್ಚಾ ರೂಪದಲ್ಲೇ ಇಸಿದುಕೊಂಡೆ. ಸ್ಟುಡಿಯೋದವರು “ನಾವೇ ಬೆಸ್ಟ್ ಹತ್ತು ಸೆಲೆಕ್ಟ್ ಮಾಡ್ಕೊಡ್ತೀವಿ ಸರ್” ಅಂದರೆ ಒಪ್ಪಬಾರದು. ಅವರು ಆರಿಸುವುದು ಬೆಳಕು ಚೆನ್ನಾಗಿ ಬಿದ್ದದ್ದನ್ನು.

ಮೊದಲ ಸುತ್ತು ಬರೀ ಕಸ ತೆಗೆಯುವುದು. ಅರ್ಧ ಮುಚ್ಚಿದ ಕಣ್ಣು, ನುಂಗುತ್ತಿರುವ ಗಂಟಲು, ಮಾತಿನ ನಡುವೆ ಸೊಟ್ಟಗಾದ ತುಟಿ. ಆಮೇಲೆ ನೂರು ಪರ್ಸೆಂಟಿಗೆ ಹಿಗ್ಗಿಸಿ, ಕ್ಯಾಮೆರಾಕ್ಕೆ ಹತ್ತಿರದ ಕಣ್ಣು ಚೂಪಾಗಿದೆಯೇ ನೋಡುವುದು. ಕಣ್ಣು ಬಿಟ್ಟು ಹುಬ್ಬಿಗೋ ಮೂಗಿಗೋ ಫೋಕಸ್ ಕೂತಿದ್ದರೆ ಎಷ್ಟೇ ಒಳ್ಳೇ ಭಾವವಿದ್ದರೂ ಹೋಯಿತು. ಇದಿಷ್ಟಕ್ಕೆ ಮುಕ್ಕಾಲು ಗಂಟೆ, ಉಳಿದದ್ದು ತೊಂಬತ್ತು. ಅಲ್ಲಿಗೆ ಮುಚ್ಚಿಟ್ಟು ಮಲಗಬೇಕು. ತೆಗೆಸಿದ ದಿನವೇ ಆರಿಸಲು ಕೂತರೆ ನಮ್ಮ ಕಣ್ಣು ಪಾತ್ರವನ್ನು ನೋಡುವುದಿಲ್ಲ, ಹೊಟ್ಟೆ, ಕತ್ತು, ಬಕ್ಕತಲೆಯನ್ನೇ ಎಣಿಸುತ್ತಿರುತ್ತದೆ.

ಎರಡನೇ ದಿನ ಎಲ್ಲವನ್ನೂ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ, ಫೋನಿನಲ್ಲೇ ನೋಡಿದೆ. ಕೋಆರ್ಡಿನೇಟರ್ ನೋಡುವುದೂ ಹಾಗೆಯೇ, ಐವತ್ತು ಮುಖಗಳ ಸಾಲಿನಲ್ಲಿ ಒಂದು, ಬೆರಳಿನಿಂದ ತಳ್ಳುತ್ತ ಹೋಗುವಾಗ. ಆ ಅಳತೆಯಲ್ಲಿ ಚರ್ಮದ ಗೆರೆ ಯಾವುದೂ ಕಾಣುವುದಿಲ್ಲ. ಕಾಣುವುದು ಮೂರೇ: ಕಣ್ಣು, ಕೂದಲಿನ ಆಕಾರ, ಮುಖದ ಒಟ್ಟು ಭಾವ. ನಾವು ವಾರಗಟ್ಟಲೆ ಕೂತು ಅಳಿಸುವ ಗೆರೆ ಆಯ್ಕೆಯಲ್ಲಿ ಯಾವ ಪಾತ್ರವನ್ನೂ ವಹಿಸುವುದಿಲ್ಲ ಎಂದು ಗೊತ್ತಾಗುವುದು ಇಲ್ಲೇ. ತೊಂಬತ್ತು ಇಪ್ಪತ್ತಕ್ಕಿಳಿದವು.

ಆ ಇಪ್ಪತ್ತಕ್ಕೆ ಹೆಬ್ಬೆರಳ ಪರೀಕ್ಷೆ. ದೊಡ್ಡದು ಮಾಡಿ ಬಾಯಿಯ ಮೇಲೆ ಹೆಬ್ಬೆರಳಿಟ್ಟು ಕಣ್ಣು ಮಾತ್ರ ನೋಡುವುದು. ಬಾಯಿ ನಗುತ್ತಿದ್ದು ಕಣ್ಣು ಸುಮ್ಮನಿದ್ದರೆ ಅದು ಗ್ರೂಪ್ ಫೋಟೋದ ನಗು. ಕೆಳರೆಪ್ಪೆ ಒಂಚೂರು ಬಿಗಿಯಾಗಿರಬೇಕು. ಕಣ್ಣುಗುಡ್ಡೆಯ ಕೆಳಗೆ ಬಿಳಿ ಕಂಡರೆ ಮನುಷ್ಯ ಹೆದರಿದಂತೆಯೋ ನಿದ್ದೆಗೆಟ್ಟಂತೆಯೋ ಇರುತ್ತಾನೆ.

ಇನ್ನು ಯಾರನ್ನು ಕೇಳುವುದು? ಮನೆಯವರನ್ನಂತೂ ಬೇಡ. ಅವರು ಚಿಕ್ಕ ವಯಸ್ಸಿನವನಾಗಿ ಕಂಡದ್ದನ್ನೇ ಎತ್ತುತ್ತಾರೆ, ಪ್ರೀತಿಗೆ ಮದ್ದಿಲ್ಲ. ನಮ್ಮನ್ನೂ ನಂಬುವಂತಿಲ್ಲ. ನಮಗೆ ಗೊತ್ತಿರುವ ನಮ್ಮ ಮುಖ ಕನ್ನಡಿಯದ್ದು, ಎಡಬಲ ತಿರುಗಿದ್ದು. ಜನ ತಮ್ಮದೇ ಮುಖದಲ್ಲಿ ಕನ್ನಡಿ ರೂಪವನ್ನು, ಸ್ನೇಹಿತರು ನಿಜ ರೂಪವನ್ನು ಇಷ್ಟಪಡುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ‘ಫೋಟೋದಲ್ಲಿ ಯಾಕೋ ಸೊಟ್ಟ ಕಾಣ್ತೀನಿ’ ಅನ್ನುವವರು ಅದನ್ನು ಫ್ಲಿಪ್ ಮಾಡಿ ಕಳಿಸುವುದುಂಟು. ಅಂಗಿಯ ಜೇಬು ಬಲಕ್ಕೆ ಬಂದಿರುತ್ತದೆ, ಹೆಂಗಸರಾದರೆ ಸೆರಗು ಬಲ ಹೆಗಲ ಮೇಲೆ. ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ನನ್ನ ಪರಿಚಯ ಹೆಚ್ಚಿಲ್ಲದ ನಾಲ್ವರಿಗೆ ಕಳಿಸಿದೆ: ಒಬ್ಬ ಅಸೋಸಿಯೇಟ್ ಡೈರೆಕ್ಟರ್, ಒಬ್ಬ ಸಂಕಲನಕಾರ, ಒಬ್ಬರು ವಸ್ತ್ರವಿನ್ಯಾಸದವರು, ಇನ್ನೊಬ್ಬರು ಈ ಕ್ಷೇತ್ರಕ್ಕೇ ಸಂಬಂಧವಿಲ್ಲದ ಬ್ಯಾಂಕಿನವರು. ‘ಯಾವುದು ಚೆನ್ನಾಗಿದೆ’ ಎಂದು ಕೇಳಬಾರದು. ಕೇಳಿದ್ದು ಎರಡೇ: ಈ ಮನುಷ್ಯನ ವಯಸ್ಸೆಷ್ಟು? ಏನು ಕೆಲಸ ಮಾಡುತ್ತಾನೆ? ನಾಲ್ವರೂ ‘ಸರ್ಕಾರಿ ಮೇಷ್ಟ್ರು, 52’ ಅಂದದ್ದು ಒಂದಿತ್ತು. ನನಗದು ಇಷ್ಟವೇ ಆಗಿರಲಿಲ್ಲ. ಅದೇ ಈಗ ಮೊದಲನೆಯ ಫೋಟೋ. ನನಗೆ ಬಹಳ ಹಿಡಿಸಿದ್ದ, ಓರೆ ನೋಟದ ಒಂದಕ್ಕೆ ಬಂದ ಉತ್ತರಗಳು: ರಿಯಲ್ ಎಸ್ಟೇಟ್, ಗೊತ್ತಿಲ್ಲ, ಜ್ಯೋತಿಷಿ, ನಟ. ‘ನಟ’ ಅನ್ನುವ ಉತ್ತರ ಬಂದ ಫೋಟೋ ಕೂಡಲೇ ತೆಗೆದುಹಾಕಿ.

ಕೊನೆಗೆ ಉಳಿದ ನಾಲ್ಕು: ಭಾವವಿಲ್ಲದ ನೇರ ಕ್ಲೋಸಪ್, ನಗುವಿನದು, ಕೋಟು ಹಾಕಿದ ಬಿಗಿ ಮುಖ (ವಕೀಲ, ಅಧಿಕಾರಿ, ಆಸ್ಪತ್ರೆ ಮುಖ್ಯಸ್ಥ ಎಲ್ಲಕ್ಕೂ ಇದೇ), ಪಂಚೆ ಬಿಳಿ ಅಂಗಿಯ ಫುಲ್ ಲೆಂತ್. ಇದರ ಜೊತೆ ಎಡ ಬಲ ಪಕ್ಕನೋಟ, ಮೊಬೈಲಿನಲ್ಲೇ ತೆಗೆದದ್ದು. ಕೇಳಿದವರಿಗೆ ಮಾತ್ರ ಕಳಿಸುವುದು.

ತಿದ್ದುವುದು

ಡಿಜಿಟಲ್ ಬರುವ ಮುಂಚೆ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ‘ಟಚಿಂಗ್’ ಅಂತ ಒಂದು ಕೆಲಸವಿತ್ತು. ನೆಗೆಟಿವ್‌ನಲ್ಲಿ ಸುಕ್ಕಿನ ಗೆರೆ ತೆಳುವಾಗಿ, ಪಾರದರ್ಶಕವಾಗಿ ಇರುತ್ತದೆ. ಅದರ ಮೇಲೆ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ತುಂಬಿದರೆ ಪ್ರಿಂಟಿನಲ್ಲಿ ಗೆರೆ ತಿಳಿಯಾಗುತ್ತದೆ. ಕೈ ಜಾಸ್ತಿಯಾದರೆ ನೆಗೆಟಿವ್ವೇ ಹಾಳು, ಆದ್ದರಿಂದ ಕಡಿಮೆ ಮಾಡುತ್ತಿದ್ದರು. ಈಗ ಅನ್‌ಡೂ ಇದೆ. ಅದಕ್ಕೇ ಯಾರಿಗೂ ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗುವುದಿಲ್ಲ.

ನಾನು ಹಿಡಿದ ನಿಯಮ ಒಂದೇ. ಹದಿನೈದು ದಿನದಲ್ಲಿ ತಾನಾಗಿ ಹೋಗುವುದನ್ನು ತೆಗೆಯಬಹುದು, ಹೋಗದೇ ಇರುವುದನ್ನು ತೆಗೆಯಬಾರದು. ಸೊಳ್ಳೆ ಕಚ್ಚಿದ್ದು, ಬ್ಲೇಡ್ ತಾಗಿದ್ದು, ಮೊಡವೆ, ಹಾರಿದ ಕೂದಲು, ಕಾಲರಿನ ಮೇಲಿನ ದಾರ ಹೋಗಲಿ. ಮಚ್ಚೆ, ಹಳೇ ಗಾಯದ ಕಲೆ, ಹಣೆಯ ಗೆರೆ, ಕಣ್ಣಂಚಿನ ನಿರಿಗೆ ಇರಲಿ. ನಕ್ಕಾಗ ಕಣ್ಣಂಚು ನಿರಿಗೆಗಟ್ಟದಿದ್ದರೆ ಆ ನಗುವನ್ನು ಯಾರೂ ನಂಬುವುದಿಲ್ಲ.

ಈ ನಿಯಮದ ಎರಡು ತುದಿಗಳ ನಡುವೆ ಸಿಕ್ಕಿಕೊಳ್ಳುವುದು ಕಣ್ಣಿನ ಕೆಳಗಿನ ಚೀಲ. ಅದು ಮುಖದ ರಚನೆ, ಹೋಗುವಂಥದ್ದಲ್ಲ. ಆದರೆ ಕ್ಯಾಮೆರಾ ಅದನ್ನು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಯಾಕೆಂದರೆ ಎದುರು ಕೂತು ಮಾತಾಡುವಾಗ ಮುಖ ಚಲಿಸುತ್ತಿರುತ್ತದೆ, ಫೋಟೋದಲ್ಲಿ ನಿಂತುಬಿಟ್ಟಿರುತ್ತದೆ. ಫೋಟೋಶಾಪಿನಲ್ಲಿ ಫೋಟೋದ ಮೇಲೊಂದು ಖಾಲಿ ಲೇಯರ್ (ಗಾಜಿನ ಹಾಳೆಯಂಥ ಪದರ) ಹಾಕಿ, ಹೀಲಿಂಗ್ ಬ್ರಷ್ಷಿಗೆ ‘ಕರೆಂಟ್ ಆ್ಯಂಡ್ ಬಿಲೋ’ ಆರಿಸಿ, ನೆರಳನ್ನು ಪೂರ್ತಿ ಅಳಿಸುವುದು. ನೋಡಲು ಭಯಂಕರವಾಗಿರುತ್ತದೆ, ಕಣ್ಣು ಮುಖದ ಮೇಲೆ ತೇಲಿದ ಹಾಗೆ. ಆಮೇಲೆ ಆ ಲೇಯರಿನ ಒಪ್ಯಾಸಿಟಿಯನ್ನು (ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನುವ ಅಂಕಿ) ಸೊನ್ನೆಗಿಳಿಸಿ, ನಿಧಾನ ಏರಿಸುತ್ತ ಹೋಗಿ, ನಿದ್ದೆಯಾದವನ ಮುಖ ಅನಿಸಿದ ಕಡೆ ನಿಲ್ಲಿಸುವುದು. ನನ್ನದು 35ಕ್ಕೆ ನಿಂತಿತು. ಮೇಲಿನಿಂದ ಇಳಿಸುತ್ತ ಬಂದರೆ 60ರಲ್ಲೇ ನಿಲ್ಲುತ್ತದೆ, ಏಕೆಂದರೆ ಕಣ್ಣು ಆಗಲೇ ನುಣುಪಿಗೆ ಒಗ್ಗಿಹೋಗಿರುತ್ತದೆ. ಆದ್ದರಿಂದ ಯಾವಾಗಲೂ ಸೊನ್ನೆಯಿಂದ ಏರಿಸುವುದು.

ಮೂಗಿನಿಂದ ತುಟಿಯಂಚಿಗೆ ಇಳಿಯುವ ಗೆರೆಗೂ ಇದೇ ಕ್ರಮ, ಇನ್ನೂ ಕಡಿಮೆ. ಹಣೆಯದನ್ನು ಮುಟ್ಟಲಿಲ್ಲ.

ಚರ್ಮದ ಮೇಲೆ ಅಲ್ಲಲ್ಲಿ ಮಚ್ಚೆಮಚ್ಚೆಯಾಗಿ ಕಾಣುವ ನೆರಳನ್ನು ಸಮ ಮಾಡಲು ಎರಡು ದಾರಿ. ಫ್ರೀಕ್ವೆನ್ಸಿ ಸೆಪರೇಷನ್ ಅನ್ನುವುದರಲ್ಲಿ ಬಣ್ಣ ಒಂದು ಲೇಯರಿಗೆ, ರಂಧ್ರ ನಿರಿಗೆಗಳು ಇನ್ನೊಂದಕ್ಕೆ ಬೇರೆಯಾಗುತ್ತವೆ. ಬೇಗ ಮುಗಿಯುತ್ತದೆ, ಮದುವೆ ಆಲ್ಬಮಿನವರ ಅಚ್ಚುಮೆಚ್ಚು. ಬಣ್ಣದ ಲೇಯರನ್ನು ಹೆಚ್ಚು ಮಸುಕು ಮಾಡಿದ ಕೂಡಲೇ ಕೆನ್ನೆಯೆಲುಬಿನ ನೆರಳೇ ಮಾಯವಾಗಿ ಮುಖ ಮೇಣದ ಬೊಂಬೆಯಾಗುತ್ತದೆ, ಅದೇ ಅದರ ಕಾಯಿಲೆ. ಇನ್ನೊಂದು ದಾರಿ ಡಾಡ್ಜ್ ಆ್ಯಂಡ್ ಬರ್ನ್, ಅಂದರೆ ಬೇಕಾದ ಕಡೆ ತಿಳಿ, ಬೇಕಾದ ಕಡೆ ಗಾಢ ಮಾಡುವುದು: ಶೇಕಡ 50 ಬೂದು ತುಂಬಿದ ಲೇಯರನ್ನು ಸಾಫ್ಟ್ ಲೈಟಿಗೆ ಹಾಕಿ, ಫ್ಲೋ (ಬ್ರಷ್ಷಿನಿಂದ ಬಣ್ಣ ಹರಿಯುವ ಪ್ರಮಾಣ) 2 ಅಥವಾ 3ರಲ್ಲಿ ಬಿಳಿ, ಕಪ್ಪು ಬ್ರಷ್ಷಿನಿಂದ ಸವರುವುದು. ಬೆವರಿಳಿಯುವಷ್ಟು ನಿಧಾನ. ಆದರೆ ಚರ್ಮದ ರಂಧ್ರ ಒಂದೂ ಅಳಿಯುವುದಿಲ್ಲ. ಈ ವಯಸ್ಸಿನ ಮುಖಕ್ಕೆ ಇದೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮುಖವನ್ನು ತಿದ್ದಿ ಕತ್ತನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು. ಮುಖಕ್ಕೆ ನಲವತ್ತು, ಕತ್ತಿಗೆ ಅರವತ್ತು. ಫೋಟೋದಲ್ಲಿ ಕೈ ಇದ್ದರೆ ಅದಕ್ಕೂ ಅರವತ್ತು. ಮುಖದಲ್ಲಿ ಎಷ್ಟು ಕಡಿಮೆ ಮಾಡಿದ್ದೇವೋ ಅಷ್ಟೇ ಕತ್ತಿನಲ್ಲೂ ಆಗಬೇಕು, ಇಲ್ಲವೇ ಎರಡರಲ್ಲೂ ಬೇಡ.

ಹಲ್ಲಿನ ಹಳದಿಯನ್ನು ಹ್ಯೂ ಸ್ಯಾಚುರೇಷನ್ನಿನಲ್ಲಿ, ಹಳದಿ ಚಾನೆಲ್ ಮಾತ್ರ ಆರಿಸಿ, 30ರಷ್ಟು ತಗ್ಗಿಸಿದರೆ ಸಾಕು. ಕಾಫಿ ಕುಡಿಯುವವನ ಹಲ್ಲು ಕಣ್ಣಿನ ಬಿಳಿಗಿಂತ ಬೆಳ್ಳಗಿದ್ದರೆ ಅದು ಹಲ್ಲುಸೆಟ್ಟು ಅನಿಸುತ್ತದೆ. ಕಣ್ಣಿನ ಕೆಂಪು ನರ ಒಂದೆರಡು ತೆಗೆಯಬಹುದು, ಬಿಳಿಯನ್ನು ಬೆಳಗಬಾರದು.

ಇನ್ನು ಮೈಬಣ್ಣ. ನಮ್ಮ ಕಡೆ ಹೇಳದೇ ಕೇಳದೇ ಆಗುವ ತಿದ್ದುಪಡಿ ಇದು. ಲೈಟ್‌ರೂಮ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಕಿತ್ತಳೆ ಬಣ್ಣದ ಲ್ಯೂಮಿನೆನ್ಸ್ ಅಂತ ಒಂದು ಪಟ್ಟಿ ಇದೆ, ಬಲಕ್ಕೆ ಎಳೆದರೆ ಕಂದು ಚರ್ಮ ಗೋಧಿಯಾಗುತ್ತದೆ. 2020ರಲ್ಲಿ ಕ್ರೀಮಿನ ಟ್ಯೂಬಿನ ಮೇಲಿಂದ ‘ಫೇರ್’ ಎಂಬ ಪದ ಹೋಯಿತು, ಎಡಿಟರ್‌ಗಳ ಬೆರಳಿನಿಂದ ಹೋಗಿಲ್ಲ. ಇದನ್ನು ಪತ್ತೆ ಹಚ್ಚಲು ಸುಲಭ ಉಪಾಯ: ಫೋನಿನ ಪರದೆಯ ಮೇಲೆ ಫೋಟೋ ಇಟ್ಟು, ಕಿಟಕಿಯ ಬಳಿ ಅದರ ಪಕ್ಕ ನಿಮ್ಮದೇ ಮುಂಗೈ ಹಿಡಿಯಿರಿ. ಎರಡು ಬೇರೆ ಬೇರೆ ಮನುಷ್ಯರದ್ದು ಅನಿಸಿದರೆ ವಾಪಸ್ ಕಳಿಸಿ.

ನೀವೇ ತಿದ್ದದೆ ಬೇರೆಯವರಿಗೆ ಕೊಡುವುದಾದರೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. “ಸ್ವಲ್ಪ ನ್ಯಾಚುರಲ್ ಆಗಿ ಮಾಡಪ್ಪ” ಅಂದರೆ ಅವನ ನ್ಯಾಚುರಲ್ ಬೇರೆ. ನನ್ನ ಮುಖಕ್ಕಾದರೆ ಚೀಟಿ ಹೀಗಿರುತ್ತದೆ:

‘ಎಡಗೆನ್ನೆಯ ಶೇವಿಂಗ್ ಗಾಯ ತೆಗೆಯಿರಿ. ಬಲ ಕಿವಿಯ ಮೇಲೆ ಹಾರಿದ ನಾಲ್ಕು ಕೂದಲು ತೆಗೆಯಿರಿ, ತಲೆ ತುಂಬಿಸಬೇಡಿ. ಹುಬ್ಬಿನ ಕಲೆ ಇರಲಿ. ಕಣ್ಣಿನ ಕೆಳಗೆ ಮೂರರಲ್ಲೊಂದು ಪಾಲು ಕಡಿಮೆ. ಕತ್ತಿಗೂ ಅಷ್ಟೇ. ಬಣ್ಣ ಬಿಳಿ ಮಾಡಬೇಡಿ. ಲಿಕ್ವಿಫೈ ಮುಟ್ಟಲೇಬೇಡಿ: ದವಡೆ, ಹೊಟ್ಟೆ ಇದ್ದ ಹಾಗೇ. ಪಿಎಸ್‌ಡಿ ಫೈಲ್ ಬೇಕು.’

ಕೊನೆಯ ಸಾಲು ಮುಖ್ಯ. ಲೇಯರ್ ಇರುವ ಫೈಲ್ ನಮ್ಮಲ್ಲಿದ್ದರೆ, ಜಾಸ್ತಿ ಆಯಿತು ಅನಿಸಿದಾಗ ಒಪ್ಯಾಸಿಟಿ ತಗ್ಗಿಸಲು ಮತ್ತೆ ಅವರ ಬಾಗಿಲು ತಟ್ಟಬೇಕಿಲ್ಲ. ಮುಗಿದ ಮೇಲೆ ಎಲ್ಲ ತಿದ್ದುಪಡಿಗಳನ್ನೂ ಒಂದು ಗ್ರೂಪಿಗೆ ಹಾಕಿ, ಮಾರನೇ ದಿನ ನೋಡಿ, 70ಕ್ಕೆ ಇಳಿಸಿದೆ. ಹಿಂದಿನ ರಾತ್ರಿ ಅದು ನೂರರಲ್ಲಿ ಸರಿಯಾಗಿಯೇ ಕಂಡಿತ್ತು.

ಎಐ ಆ್ಯಪಿಗೆ ಹತ್ತು ಸೆಲ್ಫಿ ಕೊಟ್ಟರೆ ಕೋಟು ಸಮೇತ ಹೆಡ್‌ಶಾಟ್ ಕೊಡುತ್ತದೆ. ಕಚೇರಿಯ ಐಡಿಗೆ ಬೇಕಾದರೆ ಇರಲಿ. ಅದು ನಿಮ್ಮನ್ನು ಹೋಲುವ ಒಬ್ಬ ಹೊಸ ಮನುಷ್ಯನನ್ನು ಮಾಡಿಕೊಡುತ್ತದೆ, ಲುಕ್ ಟೆಸ್ಟಿಗೆ ಹೋಗಬೇಕಾದವರು ನೀವು.

ಅದೇ ದಿನ, ಅದೇ ಸ್ಟುಡಿಯೋದಲ್ಲಿ ಬಾಡಿಗೆ ಹಂಚಿಕೊಂಡು ತೆಗೆಸಿದ ಸಹನಟಿಯೊಬ್ಬರ ಸೆಟ್ಟಿನಿಂದ ಕಲಿತದ್ದು ಬೇರೆ. ಕರಿಮಣಿ, ಕುಂಕುಮ ಇರುವ ಒಂದು, ಇಲ್ಲದ ಒಂದು ಎರಡೂ ಬೇಕು, ಅತ್ತೆಯ ಪಾತ್ರವೂ ಬರುತ್ತದೆ, ಕಾಲೇಜಿನ ಪ್ರಿನ್ಸಿಪಾಲರದ್ದೂ ಬರುತ್ತದೆ. ಹಣೆಬೊಟ್ಟು ತೆಗೆದ ಜಾಗದಲ್ಲಿ ಅಂಟಿನ ಗುರುತು ಉಳಿದಿರುತ್ತದೆ, ಆದ್ದರಿಂದ ಬೊಟ್ಟಿಲ್ಲದ್ದನ್ನೇ ಮೊದಲು ತೆಗೆಸಬೇಕು. ಮೂಗುಬೊಟ್ಟಿನ ಹರಳು ಫ್ಲ್ಯಾಶಿಗೆ ನಕ್ಷತ್ರದಂತೆ ಸಿಡಿದರೆ ಮುಖವನ್ನು ಬೆರಳಷ್ಟು ತಿರುಗಿಸಿದರೆ ಸಾಕು. ನುಣುಪು ಮಾಡುವ ಒತ್ತಡ ಹೆಂಗಸರ ಫೋಟೋಗಳ ಮೇಲೆ ನಮಗಿಂತ ಎಷ್ಟೋ ಹೆಚ್ಚು. ಅವರ ಚೀಟಿಯಲ್ಲಿ ‘ಸ್ಕಿನ್ ಸ್ಮೂತ್ ಬೇಡ’ ಎಂದು ಮೂರು ಕಡೆ ಬರೆದಿತ್ತು, ಆದರೂ ಮೊದಲ ಸಲ ಸ್ಮೂತ್ ಆಗಿಯೇ ಬಂತು.

ಕಳಿಸುವುದು

ಅಳತೆ 2400 ಗುಣಿಸು 3000 ಪಿಕ್ಸೆಲ್. ಯಾರಾದರೂ ಪ್ರಿಂಟ್ ಕೇಳಿದರೆ 300 ಡಿಪಿಐನಲ್ಲಿ ಸರಿಯಾಗಿ 8 ಗುಣಿಸು 10 ಇಂಚು. ಕಲರ್ ಪ್ರೊಫೈಲ್ (ಫೈಲಿನಲ್ಲಿ ಬಣ್ಣವನ್ನು ಬರೆದಿಡುವ ಕ್ರಮ) ಎಸ್‌ಆರ್‌ಜಿಬಿ. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದರೆ ಕೆಲವು ಫೋನುಗಳಲ್ಲಿ ಮುಖ ಕಾಮಾಲೆ ಎದ್ದು ಬಂದವರ ಹಾಗೆ ಸಪ್ಪೆಯಾಗಿರುತ್ತದೆ. ಜೆಪೆಗ್, ಎರಡು ಎಂಬಿ ಒಳಗೆ.

ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಹಾಕಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲಿಗೆ ಕುಗ್ಗಿ, ಮೇಲೆ ಹಿಂಡಿಯೂ ಹಿಂಡುತ್ತದೆ. ಕೋಆರ್ಡಿನೇಟರ್ ಅದನ್ನು ಮ್ಯಾನೇಜರಿಗೆ, ಅವರು ಚಾನೆಲ್ಲಿಗೆ ಕಳಿಸುವಾಗ ಯಾರೋ ಒಬ್ಬರು ಸ್ಕ್ರೀನ್‌ಶಾಟ್ ಹೊಡೆದಿರುತ್ತಾರೆ, ಅಲ್ಲಿಗೆ ರೆಪ್ಪೆ ಹುಬ್ಬು ಎಲ್ಲ ಕಲಸಿಹೋಗಿರುತ್ತದೆ. ನಾನು ಎರಡೂ ಮಾಡುತ್ತೇನೆ. ಮೊದಲ ಫೋಟೋವನ್ನು ಎಚ್‌ಡಿ ಒತ್ತಿ ಫೋಟೋ ಆಗಿ ಕಳಿಸುತ್ತೇನೆ, ಏಕೆಂದರೆ ತೆರೆಯದೇ ಕಣ್ಣಿಗೆ ಬೀಳುವುದು ಅದೇ. ಉಳಿದದ್ದು ಡಾಕ್ಯುಮೆಂಟ್ ಆಗಿ. ಡಾಕ್ಯುಮೆಂಟಿನಲ್ಲಿ ಫೈಲಿನ ಹೆಸರು ಉಳಿಯುತ್ತದೆ. ಆದ್ದರಿಂದ ಹೆಸರು, ಎತ್ತರ, ಬರುವ ಭಾಷೆಗಳು, ತೆಗೆದ ತಿಂಗಳು ಎಲ್ಲವನ್ನೂ ಫೈಲಿನ ಹೆಸರಿನಲ್ಲೇ ಬರೆದಿಟ್ಟಿದ್ದೇನೆ. ಫೋಟೋದ ಕೆಳಗೆ ಟೈಪ್ ಮಾಡಿದ ಮಾತು ಫಾರ್ವರ್ಡ್ ಆಗುವಾಗ ಉದುರಿಹೋಗಬಹುದು, ಫೈಲಿನ ಹೆಸರು ಉದುರುವುದಿಲ್ಲ. ಮುಖದ ಮೇಲೆ ಫೋನ್ ನಂಬರ್ ಬರೆಯುವ ಪದ್ಧತಿ ಮಾತ್ರ ಬೇಡ, ಕಾಣೆಯಾಗಿದ್ದಾರೆ ಜಾಹೀರಾತಿನ ಹಾಗಿರುತ್ತದೆ.

‘ಅವಕಾಶ ಇದೆ, ಆದರೆ ಪೋರ್ಟ್‌ಫೋಲಿಯೋ ನಮ್ಮಲ್ಲೇ ದುಡ್ಡು ಕೊಟ್ಟು ಮಾಡಿಸಬೇಕು’ ಎಂದು ಫೋನ್ ಬಂದರೆ ಅಲ್ಲಿಗೇ ಇಟ್ಟುಬಿಡಿ. ಅವರ ಕಸುಬು ಫೋಟೋ ಮಾರುವುದು.

ಈ ನಾಲ್ಕರ ಆಯುಷ್ಯ ಹೆಚ್ಚೆಂದರೆ ಒಂದೂವರೆ ವರ್ಷ. ಅದಕ್ಕೆ ಮುಂಚೆಯೇ ಐದು ಕಿಲೋ ಹೆಚ್ಚುಕಡಿಮೆಯಾದರೆ, ಹಲ್ಲು ಕಟ್ಟಿಸಿದರೆ, ಯಾವುದೋ ಪಾತ್ರಕ್ಕೆಂದು ಡೈ ಶುರುಮಾಡಿದರೆ ಹೊಸದು ತೆಗೆಸಬೇಕು. ಮೀಸೆ ತೆಗೆದರೆ ಅವತ್ತೇ. ಕೂದಲು ಬಾಚಿ, ಕಿಟಕಿಯ ಬಳಿ ಥರ್ಮಾಕೋಲ್ ಹಿಡಿಸಿ, ಮೊಬೈಲಿನಲ್ಲಿ ಒಂದು ನೇರ ಕ್ಲೋಸಪ್ ತೆಗೆದು ಹಳೆಯ ಸೆಟ್ಟಿನ ಜೊತೆ ಇಡುವುದು. ಥರ್ಮಾಕೋಲ್ ಹಾಳೆಯನ್ನು ಬೀರುವಿನ ಹಿಂದೆ ನಿಲ್ಲಿಸಿದ್ದೇನೆ, ಮನೆಯವರು ಎರಡು ಸಲ ಕಸಕ್ಕೆ ಹಾಕಲು ಹೋಗಿದ್ದಾರೆ.